ನಮ್ಮ ಮನೆಯಲ್ಲಿ ಕಷಾಯ ಔಷಧಿಯಲ್ಲ

ನನ್ನ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವರು ರವಿಕೆಯ ಅಳತೆ ಕೊಡಲು ಬಂದಿದ್ದ ಹೆಂಗಸು. ಆನಂದಪುರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ತೋಳಿಗೆ ಟೇಪು ಸುತ್ತುತ್ತಿದ್ದಾಗ ಅವರು ನನ್ನ ಮುಖವನ್ನೇ ನೋಡತೊಡಗಿದರು.

"ಕಾಮಾಲೆ ಕಣೇ ಇದು. ಕನ್ನಡಿ ನೋಡ್ಕಂಡಿದೀಯಾ?"

ನೋಡಿಕೊಂಡಿರಲಿಲ್ಲ. ಸುಸ್ತಿತ್ತು. ಮೈ ಕಡಿತವಿತ್ತು. ಅನ್ನ ಕಂಡರೆ ಹೊಟ್ಟೆ ತೊಳೆಸುತ್ತಿತ್ತು. ಮದುವೆ ಸೀಸನ್ನಿನ ಕೆಲಸ ಜಾಸ್ತಿಯಾಯಿತು ಎಂದುಕೊಂಡು ಮೆಷಿನ್ ತುಳಿಯುತ್ತಲೇ ಇದ್ದೆ.

ಮನೆಗೆ ಬಂದು ಹೇಳಿದ್ದೇ ತಡ, ಅತ್ತೆ ಬೆಳಗಿನ ಅಮೃತಬಳ್ಳಿ ಕಷಾಯವನ್ನು ಸಂಜೆಗೂ ಶುರು ಮಾಡಿದರು. ಕೊರೋನಾ ಕಾಲದಲ್ಲಿ ಬೇಲಿಗೆ ಹಬ್ಬಿಸಿದ ಬಳ್ಳಿ ಅದು. ನನಗೆ ಪದೇ ಪದೇ ಶೀತವಾಗುತ್ತಿದೆಯೆಂದು ಈ ವರ್ಷ ಮತ್ತೆ ಕಾಂಡ ಜಜ್ಜಿ ಕುದಿಸತೊಡಗಿದ್ದರು. ಲಿವರ್‌ಗೂ ಒಳ್ಳೆಯದೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರಂತೆ. ಅತ್ತೆಯೂ ಕುಡಿಯುತ್ತಿದ್ದರು. ಅವರಿಗೆ ಏನೂ ಆಗಲಿಲ್ಲ.

ನನ್ನ ಹೊಟ್ಟೆ ಊದಿಕೊಂಡಿತು.

ಸಾಗರದ ಡಾಕ್ಟರು ರಕ್ತದ ರಿಪೋರ್ಟ್ ನೋಡಿ, ತಡ ಮಾಡದೆ ಶಿವಮೊಗ್ಗಕ್ಕೆ ಕರೆದೊಯ್ಯುವಂತೆ ನನ್ನ ಗಂಡನಿಗೆ ಹೇಳಿದರು. ಅಲ್ಲಿ ಅಡ್ಮಿಟ್ ಆದೆ. ಕುಡಿಯುವ ಅಭ್ಯಾಸವಿದೆಯೇ, ಬೇರೆ ಮಾತ್ರೆ, ನಾಟಿ ಔಷಧಿ ಏನಾದರೂ ತೆಗೆದುಕೊಂಡಿದ್ದೀರಾ ಎಂದು ಬಂದ ಬಂದ ಡಾಕ್ಟರೆಲ್ಲ ಕೇಳಿದರು. ಇಲ್ಲ ಎಂದೆ. ಗಂಡನೂ ಇಲ್ಲ ಎಂದರು. ನಾವು ಏನನ್ನೂ ಮುಚ್ಚಿಡಲಿಲ್ಲ. ನಮ್ಮಲ್ಲಿ ಕಷಾಯವೆಂದರೆ ಸಾರು, ತಂಬುಳಿ ಇದ್ದ ಹಾಗೆ, ಅಡುಗೆಮನೆಯ ವಸ್ತು. ಅದನ್ನು ಯಾರಾದರೂ ಔಷಧಿಯ ಲೆಕ್ಕಕ್ಕೆ ಹಿಡಿಯುತ್ತಾರೆಯೇ?

ಅತ್ತೆ ನನ್ನನ್ನು ನೋಡಲು ಬಸ್ಸಿನಲ್ಲಿ ಬಂದರು. ತಂದಿದ್ದ ಫ್ಲಾಸ್ಕಿನಿಂದ ಲೋಟಕ್ಕೆ ಬಗ್ಗಿಸುತ್ತಿದ್ದಾಗಲೇ ಡಾಕ್ಟರು ರೌಂಡ್ಸಿಗೆ ಬಂದು ಅದೇನೆಂದು ಕೇಳಿದರು.

"ಅಮೃತಬಳ್ಳಿ ಕಷಾಯ ಡಾಕ್ಟ್ರೇ. ಒಂದಿನಾನೂ ತಪ್ಪಿಸ್ಲಿಲ್ಲ ನಾನು," ಎಂದರು ಅತ್ತೆ. ಅವರ ಮುಖದಲ್ಲಿ ಹೆಮ್ಮೆಯಿತ್ತು.

ಡಾಕ್ಟರು ಲೋಟ ತೆಗೆದು ಪಕ್ಕಕ್ಕಿಟ್ಟರು.

ಬಯಾಪ್ಸಿ ಆಯಿತು. ನನ್ನ ದೇಹವೇ ನನ್ನ ಲಿವರ್ ಮೇಲೆ ತಿರುಗಿಬಿದ್ದಿದೆ ಎಂದರು. ಎಲ್ಲರಿಗೂ ಹೀಗಾಗುವುದಿಲ್ಲ, ಕೆಲವರಲ್ಲಿ ಈ ಬಳ್ಳಿ ಅದನ್ನು ಕೆರಳಿಸುತ್ತದೆ. ಕಾಯಿಲೆ ಮೊದಲೇ ಒಳಗಿತ್ತೋ, ಕಷಾಯವೇ ತಂದಿತೋ ಖಚಿತವಾಗಿ ಹೇಳಲಾಗದು. ಲಿವರ್ ಅಲ್ಲಲ್ಲಿ ಗಟ್ಟಿಯಾಗಿದೆ, ಹಾಗಾದ ಭಾಗ ಮೊದಲಿನಂತಾಗುವುದು ಕಷ್ಟ. ಸ್ಟಿರಾಯ್ಡ್‌ಗೆ ಬಗ್ಗದಿದ್ದರೆ ಟ್ರಾನ್ಸ್‌ಪ್ಲಾಂಟ್.

ಆ ಪದ ಕೇಳಿದ ಮೇಲೆ ನನಗೆ ಬೇರೇನೂ ಕೇಳಿಸಲಿಲ್ಲ.

ಈಗ ಮನೆಯಲ್ಲಿದ್ದೇನೆ. ಹಳದಿ ಇಳಿದಿದೆ. ಸ್ಟಿರಾಯ್ಡಿನಿಂದ ಮುಖ ಊದಿಕೊಂಡಿದೆ, ಕೈ ನಡುಗಿ ಸೂಜಿಗೆ ದಾರ ಪೋಣಿಸಲಾಗುವುದಿಲ್ಲ. ಬದುಕಿದ್ದೀನಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ, ಮರುಗಳಿಗೆಗೇ ಎಷ್ಟು ದಿನ ಎಂಬ ಭಯ ಹಿಡಿಯುತ್ತದೆ. ಅತ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತೇನೋ. ಗಂಡ ಬಳ್ಳಿಯನ್ನು ಬುಡಸಮೇತ ಕಿತ್ತು ಎಸೆದ ದಿನದಿಂದ ಅತ್ತೆ ನನ್ನ ಅಡುಗೆಯ ಪಾತ್ರೆಗಳನ್ನೂ ಮುಟ್ಟುವುದಿಲ್ಲ. ನನಗೆ ಬೇಯಿಸಿ ಬಡಿಸುವುದು ಗಂಡನೇ.

ಮೊನ್ನೆ ಮಧ್ಯಾಹ್ನ ಗಂಡ ಮನೆಯಲ್ಲಿರಲಿಲ್ಲ. ಬಾಯಾರಿ ನೀರು ಕೇಳಿದೆ. ಅತ್ತೆ ಲೋಟ ತಂದರೂ ಕೊಡದೆ ಬಾಗಿಲಲ್ಲೇ ನಿಂತರು.

"ಬರೀ ನೀರು ಕಣೇ," ಎಂದರು. "ನಾನು ಕೊಟ್ರೆ ಕುಡೀತೀಯಾ?"

ಕೈ ಚಾಚಿ ಇಸಿದುಕೊಂಡೆ. ಕುಡಿದು ಮುಗಿಸುವವರೆಗೂ ಅವರು ನನ್ನ ಕಣ್ಣುಗಳನ್ನೇ ನೋಡುತ್ತಿದ್ದರು.