ಚೆಂಡಿಗೆ ಸುಸ್ತಾಗುವುದಿಲ್ಲ

ಇಲ್ಲ... ಸುಳ್ಳಿರಬೇಕು.
ಬೆಳಗ್ಗೆಯಿಂದ ಮತ್ತೆ ಮತ್ತೆ ಫೋನ್ ತೆಗೆದು ನೋಡುತ್ತಿದ್ದೇನೆ.
ಕಾಲ್ ಲಿಸ್ಟಿನಲ್ಲಿ ಮೊರಿ ಸಾನ್ ಹೆಸರು ಅಲ್ಲೇ ಇದೆ. ಆರು ನಿಮಿಷ ಮಾತಾಡಿದ್ದೇವೆ. ಕನಸಲ್ಲ.

ನಮ್ಮ ಶ್ರೀಕಂಠ ಹೋಗಿಬಿಟ್ಟರು...

ಮೈಸೂರಿನವರು. ಇಲ್ಲಿ ಜಪಾನಿನಲ್ಲಿ, ಕಾಶಿವಾ ಅನ್ನುವ ಊರಿನ ಲ್ಯಾಬ್ ಒಂದರಲ್ಲಿ ರಿಸರ್ಚ್ ಮಾಡುತ್ತಿದ್ದರು.
ನಿನ್ನೆ ಸಂಜೆ ಕಾರಿಡಾರ್‌ನಲ್ಲಿ ಕುಸಿದರಂತೆ. ಹಾರ್ಟ್.
ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು ಅಂತ ಅವರ ಪಕ್ಕದ ಡೆಸ್ಕಿನ ಮೊರಿ ಸಾನ್ ಹೇಳಿದರು.
ನಲವತ್ತೊಂದು ವರ್ಷ.
ಇದು ಹೋಗುವ ವಯಸ್ಸಾ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಇಲ್ಲಿ ಕೋಟೋದಲ್ಲಿ ನಾವು ಐದಾರು ಕನ್ನಡದ ಮನೆಯವರು ಸೇರಿ ಭಾನುವಾರ ಬೆಳಗ್ಗೆ ಮಕ್ಕಳಿಗೆ ಒಂದು ಕ್ಲಾಸ್ ಮಾಡುತ್ತಿದ್ದೆವು, ವಾರ್ಡಿನ ಕಮ್ಯುನಿಟಿ ಹಾಲ್‌ನಲ್ಲಿ.
ಶ್ರೀಕಂಠ ರೈಲು ಬದಲಿಸಿಕೊಂಡು ಕಾಶಿವಾದಿಂದ ಬಂದು ಫಿಸಿಕ್ಸ್ ಹೇಳಿಕೊಡುತ್ತಿದ್ದರು. ಅದೂ ಕನ್ನಡದಲ್ಲಿ.
ಮಕ್ಕಳು ಜಪಾನೀಸಿನಲ್ಲಿ ಉತ್ತರ ಕೊಡುತ್ತಿದ್ದರು. ಅವರಿಗೂ ತೊಂದರೆ ಇರಲಿಲ್ಲ, ಮಕ್ಕಳಿಗೂ ಇರಲಿಲ್ಲ.

ಮೊದಲನೇ ದಿನ ಬೋರ್ಡ್ ಇಲ್ಲ, ಬುಕ್ ಇಲ್ಲ.
ಜೇಬಿನಿಂದ ಒಂದು ಟೆನಿಸ್ ಚೆಂಡು ತೆಗೆದು ತತಾಮಿ ಚಾಪೆಯ ಮೇಲೆ ಉರುಳಿಸಿದರು. ಸ್ವಲ್ಪ ದೂರ ಹೋಗಿ ನಿಂತಿತು.
ಯಾಕೆ ನಿಂತಿತು ಅಂತ ಕೇಳಿದರು.
ಅದಕ್ಕೆ ಸುಸ್ತಾಯಿತು ಅಂದಳು ನನ್ನ ಮಗಳು ಇಂಚರ. ಒಂಬತ್ತು ವರ್ಷ ಅವಳಿಗೆ.
ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಹಿಂದೆ ದೊಡ್ಡ ದೊಡ್ಡ ತಲೆಗಳೂ ಹೀಗೇ ಅಂದುಕೊಂಡಿದ್ದವು ಅಂತ ಅವಳ ಕೈ ಕುಲುಕಿದರು.

ಆಮೇಲೆ ಅದೇ ಚೆಂಡನ್ನು ಆಚೆಯ ಮರದ ನೆಲದ ಮೇಲೆ ಬಿಟ್ಟರು.
ಎದುರಿನ ಗೋಡೆವರೆಗೂ ಹೋಯಿತು.

"ಚೆಂಡು ಅದೇ, ಕೈ ಅದೇ. ಇಲ್ಲಿ ಯಾಕೆ ಸುಸ್ತಾಗ್ಲಿಲ್ಲ? ಚೆಂಡಿಗೆ ಸುಸ್ತಾಗಲ್ಲ ಮಕ್ಕಳೇ. ಹೊರಟಿದ್ದು ಹೋಗ್ತಾನೇ ಇರುತ್ತೆ. ನಿಲ್ತು ಅಂದ್ರೆ ಯಾರೋ ನಿಲ್ಸಿದಾರೆ ಅಂತ. ಯಾರು ನಿಲ್ಸಿದ್ದು, ಹುಡುಕಿ."

ಮಕ್ಕಳು ಮಂಡಿಯೂರಿ ಚಾಪೆ ಸವರಿ ನೋಡಿದರು. ಒರಟಾಗಿತ್ತು. ನೆಲ ನುಣ್ಣಗಿತ್ತು.
ಕಳ್ಳ ಸಿಕ್ಕಿಬಿದ್ದಿದ್ದ.
ಫ್ರಿಕ್ಷನ್ ಅನ್ನುವ ಹೆಸರನ್ನು ಅವರು ಹೇಳಿದ್ದು ಎರಡು ವಾರ ಬಿಟ್ಟು.
ಆಮೇಲೆ ಪ್ರತಿ ಭಾನುವಾರ ಏನು ನಿಂತರೂ ಅದೇ ಪ್ರಶ್ನೆ... ಯಾರು ನಿಲ್ಸಿದ್ದು?

ಶ್ರೀಕಂಠ...
ನಿಮಗೊಂದು ಮಾತು ಹೇಳಬೇಕಿತ್ತು.
ನಿಮ್ಮ ಮುಖ ನೋಡಿ ಹೇಳಬೇಕಿತ್ತು. ಈಗ ಇಲ್ಲಿ ಬರೆಯುತ್ತಿದ್ದೇನೆ, ಎಲ್ಲರೂ ಓದಲಿ.

ಆರು ಭಾನುವಾರ ಆದರೂ ನೀವು ಒಂದು ಫಾರ್ಮುಲಾ ಬರೆಸಲಿಲ್ಲ.
ಮಿಡ್ಲ್ ಸ್ಕೂಲ್ ಸೀಟಿನ ಎಂಟ್ರೆನ್ಸ್ ಎಕ್ಸಾಂ ಬರುತ್ತಿದೆ, ಇವರು ಇನ್ನೂ ಚೆಂಡು ಉರುಳಿಸುತ್ತಿದ್ದಾರಲ್ಲ ಅಂತ ಮನೆಯವರೆಲ್ಲ ಗೊಣಗಿದರು. ನಾನೂ ಗೊಣಗಿದೆ.
ನಿಲ್ಲಿಸೋಣ ಅಂತ ತೀರ್ಮಾನವಾಯಿತು.
ಆದರೆ ಮುಖದ ಮೇಲೆ ಹೇಳುವುದು ಹೇಗೆ... ಇಷ್ಟು ವರ್ಷ ಈ ಊರಲ್ಲಿದ್ದು ನಾವು ಕಲಿತದ್ದು ಇದೊಂದೇ, ಇಲ್ಲ ಅನ್ನುವುದನ್ನು ನಯವಾಗಿ ನುಂಗುವುದು.
ಹೇಳುವ ಕೆಲಸ ನನಗೆ ಬಿತ್ತು.

ಇಲ್ಲಿ ಹಾಲ್ ಬೇಕಾದರೆ ಮುಂಚೆಯೇ ಅರ್ಜಿ ಹಾಕಬೇಕು. ವಾರ್ಡಿನವರು ಲಾಟರಿ ಎತ್ತುತ್ತಾರೆ. ಸಿಗದೇ ಹೋಗುವುದು ಮಾಮೂಲು.
ಈ ತಿಂಗಳು ಲಾಟರಿಯಲ್ಲಿ ಹಾಲ್ ಬರಲಿಲ್ಲ ಸರ್ ಅಂತ ನಿಮಗೆ ಮೆಸೇಜ್ ಹಾಕಿದೆ.
ನೀವು ಅಯ್ಯೋ ಪರವಾಗಿಲ್ಲ ಮೇಡಂ, ಮುಂದಿನ ತಿಂಗಳು ಸಿಗುತ್ತೆ ಬಿಡಿ ಅಂದಿರಿ.
ಮುಂದಿನ ತಿಂಗಳೂ ಬರಲಿಲ್ಲ ಅಂದೆ.
ಅದರ ಮುಂದಿನ ತಿಂಗಳೂ...

ಹಾಲ್ ಬಂದಿತ್ತು ಶ್ರೀಕಂಠ. ಮೂರು ತಿಂಗಳೂ ಬಂದಿತ್ತು.
ಅದೇ ರೂಮು, ಅದೇ ಟೈಮು. ಮಕ್ಕಳನ್ನು ಕೂರಿಸಿ ಎಕ್ಸಾಂ ಕೋಚಿಂಗ್ ನಡೆಸುತ್ತಿದ್ದೆವು.

ನೀವು ಒಂದು ದಿನಕ್ಕೂ ಅನುಮಾನ ಪಡಲಿಲ್ಲ.
ಪಾಪ ಇವರಿಗೆ ಅದೃಷ್ಟ ಇಲ್ಲ ಅಂದುಕೊಂಡು ನೀವೇ ಕಾಶಿವಾದಲ್ಲಿ ಅರ್ಜಿ ಹಾಕಿದಿರಂತೆ.
ಕಳೆದ ವಾರ ನಿಮಗೆ ಹಾಲ್ ಸಿಕ್ಕಿತಂತೆ. ಚೀಟಿ ಹಿಡಿದುಕೊಂಡು ಲ್ಯಾಬಿನವರಿಗೆಲ್ಲ ತೋರಿಸಿದಿರಂತೆ.
ಬರುವ ಭಾನುವಾರ, ಬೆಳಗ್ಗೆ ಹತ್ತಕ್ಕೆ.
ನಿಮ್ಮ ಡೆಸ್ಕಿನ ಮೇಲೆ ಒಂದು ಡಬ್ಬದ ತುಂಬ ಪುಟ್ಟ ಗಾಡಿಗಳಿವೆಯಂತೆ. ಒಂದೊಂದರ ಮೇಲೂ ಏನೋ ಬರೆದಿದೆ, ನನಗೆ ಓದಲು ಬರುವುದಿಲ್ಲ ಅಂತ ಮೊರಿ ಸಾನ್ ಫೋಟೋ ಕಳಿಸಿದರು.
ಕನ್ನಡದಲ್ಲಿ ನಮ್ಮ ಮಕ್ಕಳ ಹೆಸರು...
ಒಂದು ಹೆಸರೂ ಬಿಟ್ಟಿಲ್ಲ.

ಮಕ್ಕಳು ಬರುತ್ತಾರಾ, ಬುಕಿಂಗ್ ಕ್ಯಾನ್ಸಲ್ ಮಾಡಲಾ ಅಂತ ಮೊರಿ ಸಾನ್ ಕೇಳಿದರು.
ಸುಮಿಮಾಸೆನ್, ಕ್ಷಮಿಸಿ ಅಂದೆ. ಮತ್ತೆ ಸುಮಿಮಾಸೆನ್ ಅಂದೆ.
ಅವರು ಪಾಪ, ನಾನು ದುಃಖದಲ್ಲಿದ್ದೇನೆ ಅಂದುಕೊಂಡರು. ನಾನು ಯಾರಲ್ಲಿ ಕ್ಷಮೆ ಕೇಳುತ್ತಿದ್ದೆ ಅಂತ ಅವರಿಗೇನು ಗೊತ್ತು...

ಹಾಲ್ ಸಿಕ್ಕಿದೆ, ಬನ್ನಿ ಸರ್ ಅಂತ ನಾನು ಒಂದು ಮೆಸೇಜ್ ಹಾಕಿದ್ದರೆ ಸಾಕಿತ್ತು.
ಹಾಕಲಿಲ್ಲ. ಇನ್ನು ಹಾಕಿದರೂ ನೀವು ನೋಡುವುದಿಲ್ಲ.
ನಿಮ್ಮ ಅಕ್ಕ ಮೈಸೂರಿನಿಂದ ಹೊರಟಿದ್ದಾರಂತೆ. ಅವರ ಎದುರಿಗೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಈಗಷ್ಟೇ ಇಂಚರ ಸ್ಕೂಲಿನಿಂದ ಬಂದಳು.
ಬ್ಯಾಗ್ ಕೂಡ ಇಳಿಸಿರಲಿಲ್ಲ. ಶ್ರೀಕಂಠ ಮಾಮನ ಹಾರ್ಟ್ ನಿಂತುಹೋಯ್ತು ಪುಟ್ಟಿ ಅಂದೆ.
ಅವಳು ಅಳಲಿಲ್ಲ.
ಮನೆಯಲ್ಲಿ ನಾವು ಏನು ಕೇಳಿದರೂ ಜಪಾನೀಸಿನಲ್ಲೇ ಉತ್ತರ ಕೊಡುವ ಹುಡುಗಿ, ಕನ್ನಡದಲ್ಲಿ ಕೇಳಿದಳು...

"ಯಾರು ನಿಲ್ಸಿದ್ದು?"

ಡಾಕ್ಟರ್ ಹತ್ತಿರ ಅದಕ್ಕೊಂದು ಉತ್ತರ ಇರಬಹುದು.
ಕ್ಲಾಸ್ ನಿಲ್ಲಿಸಿದ್ದು ಯಾರು ಅಂತ ಕೇಳಿದರೆ ಉತ್ತರ ನನ್ನ ಹತ್ತಿರವೇ ಇದೆ.
ಇನ್ನೂ ಅವಳಿಗೆ ಹೇಳಿಲ್ಲ...

ಹೋಗಿ ಬನ್ನಿ ಶ್ರೀಕಂಠ.
ಮುಂದಿನ ದಾರಿಯಲ್ಲಾದರೂ ನಿಮ್ಮನ್ನು ಯಾರೂ ತಡೆಯದಿರಲಿ... ನಿಮ್ಮ ಜೀವ ತಣ್ಣಗಿರಲಿ.
🙏