ಬೋಳು ಪಟ್ಟಿಯ ಕೆಸರಕ್ಕ

ಮಳೆ ನಿಂತು ಇನ್ನೂ ಹೆಚ್ಚು ಹೊತ್ತಾಗಿಲ್ಲ. ಬೆಳಕು ಸರಿಯಾಗಿ ಹರಿದಿಲ್ಲ. ಇಳಿಜಾರಿನ ತುದಿಯಲ್ಲಿ, ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ಸಿಮೆಂಟು ತೊಟ್ಟಿಯ ಮುಚ್ಚಳ ಸರಿಸಿ, ಅರ್ಧ ಮೈ ಒಳಗೆ ಬಗ್ಗಿಸಿ, ಉದ್ದನೆಯ ಕೋಲಿನಿಂದ ಕೆಸರು ನೀರನ್ನು ಕಲಕುತ್ತಿದ್ದಾರೆ. ಹತ್ತಿರ ಹೋಗೋಣವೆಂದು ನಾನು ಎರಡು ಹೆಜ್ಜೆ ಇಟ್ಟದ್ದೇ ತಡ, ಎಡಗಾಲಿನ ಚಪ್ಪಲಿ ಮಣ್ಣಿನೊಳಗೇ ಉಳಿದುಬಿಡುತ್ತದೆ. ಅವರು ತಲೆ ಎತ್ತದೆಯೇ, ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರುವಂತೆ, ಹೋಗುವಾಗ ತಾವೇ ಹುಡುಕಿ ಕೊಡುವುದಾಗಿ ಹೇಳುತ್ತಾರೆ. ಚಪ್ಪಲಿ ಹುಡುಕುವುದೂ ಅವರ ಕೆಲಸದ ಭಾಗವೇ ಇರಬೇಕು ಅನ್ನಿಸುವಷ್ಟು ಸಲೀಸಾಗಿ ಆ ಮಾತು ಬರುತ್ತದೆ.

"ತಳ ಕಲಕಬೇಕು. ಮೇಲಿನ ತಿಳಿನೀರು ತುಂಬಿಸಿ ಕೊಟ್ರೆ ಮೇಡಂಗೆ ಸುಳ್ಳು ಹೇಳಿದ ಹಾಗೆ" ಎನ್ನುತ್ತಾ ಅವರು ಒಂದು ಬಾಟಲಿಯನ್ನು ಮುಳುಗಿಸಿ ತುಂಬಿಸುತ್ತಾರೆ. ಆಮೇಲೆ ಕೊಳಾಯಿ ಬಿಚ್ಚಿ ನೀರನ್ನು ನಿಧಾನವಾಗಿ ಹರಿಯಬಿಟ್ಟು, ತಳದಲ್ಲಿ ಉಳಿದ ಮಣ್ಣನ್ನು ಬಕೆಟ್ಟಿಗೆ ಬಾಚಿ ತೂಗಲು ಶುರು ಮಾಡುತ್ತಾರೆ.

ಇದು ಒಣಬೇಸಾಯದ ಸಂಶೋಧನಾ ಕೇಂದ್ರ. ಮಳೆಯನ್ನೇ ನಂಬಿ ಬಿತ್ತುವ ಸೀಮೆಯಲ್ಲಿ, ಮಳೆ ಹೇಗೆ ಬಂದರೆ ನೆಲ ಏನಾಗುತ್ತದೆ ಎಂದು ಇಲ್ಲಿ ಲೆಕ್ಕ ಹಾಕುತ್ತಾರೆ. ಲೆಕ್ಕ ಕಾಗದಕ್ಕೆ ಹೋಗುವ ಮೊದಲು ಈ ಹೆಂಗಸಿನ ಬಕೆಟ್ಟಿಗೆ ಬರುತ್ತದೆ. ಹಾಜರಿಯಲ್ಲಿ ಅವರಿಗೊಂದು ಹೆಸರಿದೆ. ಆದರೆ ಗೇಟಿನ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಕರೆಯುವುದು ಕೆಸರಕ್ಕ ಎಂದೇ. ಇಪ್ಪತ್ತಾರು ವರ್ಷದಿಂದ ಅವರು ಇಲ್ಲಿ ಕೆಸರು ತೂಗುತ್ತಿದ್ದಾರೆ. ಈ ಮಳೆಗಾಲ ಮುಗಿದರೆ ನಿವೃತ್ತಿ. ಹೋಗುವ ಮುಂಚೆ ಅವರು ಕೇಂದ್ರವನ್ನು ಒಂದೇ ಒಂದು ಮಾತು ಕೇಳಿದ್ದಾರೆ. ಅದಕ್ಕೆ ಉತ್ತರ ಇವತ್ತು ಬರಬೇಕಿದೆ. ಹಾಗಾಗಿ ತೂಗುತ್ತಿದ್ದರೂ ಅವರ ಕಣ್ಣು ಆಗಾಗ ಕಚೇರಿಯ ಬಾಗಿಲ ಕಡೆ ಹೋಗಿ ಬರುತ್ತದೆ.

ಏನು ಕೇಳಿದ್ದಾರೆ ಎಂದು ತಿಳಿಯಬೇಕಾದರೆ ಮೊದಲು ಈ ಇಳಿಜಾರನ್ನು ನೋಡಬೇಕು. ಇಲ್ಲಿ ನೆಲವನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ, ಒಂದರ ನೀರು ಇನ್ನೊಂದಕ್ಕೆ ಹೋಗದಂತೆ ನಡುವೆ ತಗಡು ನೆಟ್ಟಿದ್ದಾರೆ. ಪ್ರತಿ ಪಟ್ಟಿಯ ಕೆಳಗೂ ಒಂದೊಂದು ತೊಟ್ಟಿ. ಒಂದು ಪಟ್ಟಿಯಲ್ಲಿ ಬರೀ ಹುಲ್ಲು. ಇನ್ನೊಂದರಲ್ಲಿ ಇಳಿಜಾರಿಗೆ ಅಡ್ಡಲಾಗಿ ಬಿತ್ತಿದ ಜೋಳ, ಪಕ್ಕದ್ದರಲ್ಲಿ ಇಳಿಜಾರಿನ ಉದ್ದಕ್ಕೇ ಬಿತ್ತಿದ ಜೋಳ. ಕೊನೆಯ ಪಟ್ಟಿಯಲ್ಲಿ ಏನೂ ಇಲ್ಲ. ಅದು ಬೋಳು ಪಟ್ಟಿ. ಹೊದಿಕೆಯೇ ಇಲ್ಲದ ನೆಲದಿಂದ ಎಷ್ಟು ಮಣ್ಣು ಹೋಗುತ್ತದೆ ಎಂದು ಗೊತ್ತಾದರೆ ತಾನೇ ಹುಲ್ಲು ಎಷ್ಟು ಉಳಿಸಿತು, ಜೋಳ ಎಷ್ಟು ಉಳಿಸಿತು ಎಂದು ಹೇಳಲು ಸಾಧ್ಯ?

ಇವತ್ತಿನ ಮಳೆಗೆ ಹುಲ್ಲಿನ ಪಟ್ಟಿಯ ತೊಟ್ಟಿಯಲ್ಲಿ ಸಿಕ್ಕಿದ್ದು ಅರ್ಧ ಚೊಂಬು ಮಣ್ಣು. ಆ ನೀರಿನಲ್ಲಿ ಮುಖ ತೊಳೆಯಬಹುದು, ಕೆಸರಕ್ಕ ತೊಳೆದೂ ಬಿಡುತ್ತಾರೆ. ಬೋಳು ಪಟ್ಟಿಯ ತೊಟ್ಟಿಯಿಂದ ಆರು ಬಕೆಟ್ ಹೊರಬಂದಿದೆ. ಎರಡರ ಮೇಲೂ ಬಿದ್ದದ್ದು ಅದೇ ಮೋಡದ ಅದೇ ಮಳೆ.

ಈ ಮಳೆಯ ಸ್ವಭಾವವೇ ಬದಲಾಗಿದೆ ಎನ್ನುತ್ತಾರೆ ಇಲ್ಲಿನ ಮಣ್ಣು ವಿಜ್ಞಾನಿ ಮೇಡಂ. ಅವರು ಈ ಕೇಂದ್ರಕ್ಕೆ ಬಂದಾಗಿನಿಂದ ವರ್ಷದ ಒಟ್ಟು ಮಳೆ ಹೆಚ್ಚುಕಡಿಮೆ ಅಷ್ಟೇ ಇದೆ, ಬೀಳುವ ರೀತಿ ಮಾತ್ರ ಬೇರೆ. ಮೊದಲು ಹದವಾಗಿ, ಹಲವು ಸಲ ಬರುತ್ತಿತ್ತು. ಈಗ ವಾರಗಟ್ಟಲೆ ಸುಳಿವಿರುವುದಿಲ್ಲ. ಬಿಸಿಲಿಗೆ ಪೈರು ಬಾಡಿ, ಹೆಂಟೆ ಪುಡಿಯಾಗಿ, ನೆಲ ಬಾಯಿ ಬಿಟ್ಟುಕೊಂಡು ಕೂತಿರುವಾಗ ಧೋ ಎಂದು ಒಂದೇ ಸಮ ಸುರಿಯುತ್ತದೆ. ದಪ್ಪ ಹನಿ ಮಣ್ಣಿನ ಕಣಗಳನ್ನು ಒಡೆದು ಮೇಲೊಂದು ಹೆಪ್ಪು ಕಟ್ಟಿಸುತ್ತದೆ. ನೀರು ಒಳಗಿಳಿಯುವುದಿಲ್ಲ, ಓಡುತ್ತದೆ, ಓಡುವಾಗ ಮೇಲ್ಮಣ್ಣನ್ನು ಹೊತ್ತೊಯ್ಯುತ್ತದೆ. ಮೇಲ್ಮಣ್ಣು ಹೋದ ನೆಲಕ್ಕೆ ನೀರು ಹಿಡಿದಿಡುವ ಶಕ್ತಿ ಇನ್ನೂ ಕಮ್ಮಿ, ಆದ್ದರಿಂದ ಮುಂದಿನ ಬಿಸಿಲಿಗೆ ಅದು ಇನ್ನೂ ಬೇಗ ಒಣಗುತ್ತದೆ. ಮೇಡಂ ಇದನ್ನು ಬೆರಳಿನಿಂದ ಗಾಳಿಯಲ್ಲಿ ಸುತ್ತು ಹಾಕಿ ತೋರಿಸುತ್ತಾರೆ. ಕೆಸರಕ್ಕ ಇದನ್ನೇ ಹೇಳುವುದು ಹೀಗೆ: "ಇಡೀ ತಿಂಗಳ ಊಟಾನ ಒಂದೇ ದಿನ ಬಡಿಸಿದ್ರೆ ಯಾರು ತಿಂತಾರೆ? ಚೆಲ್ಲೇ ಹೋಗುತ್ತೆ. ಹೋಗುವಾಗ ಎಲೇನೂ ಎಳ್ಕೊಂಡು ಹೋಗುತ್ತೆ."

ಇನ್ನೊಂದು ಮಳೆ ಬಂದು ಹಳೆಯದರ ಜೊತೆ ಬೆರೆತರೆ ಲೆಕ್ಕ ಕೆಟ್ಟಿತು. ಆದ್ದರಿಂದ ಮಳೆ ನಿಂತ ಕೂಡಲೇ ಅವರು ತೊಟ್ಟಿಯ ಹತ್ತಿರ ಇರಬೇಕು. ಹೊತ್ತುಗೊತ್ತು ಎಂಬುದಿಲ್ಲ, ಹಬ್ಬ ಹುಣ್ಣಿಮೆ ಎಂಬುದಿಲ್ಲ. ಮಗಳ ಮದುವೆಯ ದಿನವೇ, ಅಲ್ಲಿಯತನಕ ಮುಖ ತೋರಿಸದಿದ್ದ ಮಳೆ ಬಂದು ಸುರಿಯಿತಂತೆ. ಕೆಸರಕ್ಕ ಒಂದು ಫೋಟೊಗೆ ನಿಂತು, ಹೊಸ ಬಟ್ಟೆಯಲ್ಲೇ ಇಲ್ಲಿಗೆ ಓಡಿ ಬಂದರು. ತಿರುಗಿ ಹೋಗುವಷ್ಟರಲ್ಲಿ ಊಟದ ಪಂಕ್ತಿ ಎದ್ದಿತ್ತು. ಬೀಗರು ಮುಖ ದಪ್ಪ ಮಾಡಿಕೊಂಡಿದ್ದರು. ಅಳಿಯ ಮಾತ್ರ ಅತ್ತೆಯ ಮೊಣಕೈವರೆಗಿನ ಕೆಸರನ್ನು ನೋಡಿ ನಕ್ಕುಬಿಟ್ಟನಂತೆ. ಅಳಿಯ ಒಳ್ಳೆಯವನು ಎಂದು ಅವರಿಗೆ ಗೊತ್ತಾದದ್ದು ಆ ನಗುವಿನಿಂದಲೇ.

ಆದರೆ ಓಟ, ತೂಕ, ನೆಗಡಿ ಇವೆಲ್ಲ ಅವರಿಗೆ ಕಷ್ಟವೇ ಅಲ್ಲ. ಮಳೆಯಿಲ್ಲದ ದಿನದ ಕೆಲಸವೇ ಕಷ್ಟ. ಬೋಳು ಪಟ್ಟಿ ಬೋಳಾಗಿ ಉಳಿಯಬೇಕಲ್ಲ? ಅಲ್ಲಿ ಹುಟ್ಟುವ ಪ್ರತಿಯೊಂದು ಹುಲ್ಲನ್ನೂ ಅವರು ಕುಕ್ಕರಗಾಲಲ್ಲಿ ಕೂತು ಬೇರುಸಮೇತ ಕೀಳಬೇಕು. ಬೇಸಾಯಗಾರರ ಮನೆಯಲ್ಲಿ ಹುಟ್ಟಿದ ಹೆಣ್ಣಿಗೆ ಪೈರಿನ ನಡುವೆ ಕಳೆ ಕೀಳುವುದು ಹೊಸದಲ್ಲ. ಏನೂ ಬೆಳೆಯಬಾರದೆಂದು ಕೀಳುವುದು ಮಾತ್ರ ಹೊಸದು. ಕೆಲಸಕ್ಕೆ ಸೇರಿದ ಮೊದಲ ವಾರ ಅತ್ತೆಗೆ ಈ ವಿಷಯ ಹೇಳಿದಾಗ, ಆಕೆ ಊಟ ಮಾಡುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ, ಭೂಮಿಯನ್ನು ಸಾಯಿಸೋಕೂ ಸಂಬಳ ಕೊಡುತ್ತಾರಾ ಎಂದು ಕೇಳಿದರಂತೆ. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು. ಆ ಪ್ರಶ್ನೆ ಮಾತ್ರ ಇನ್ನೂ ಇವರ ಬೆನ್ನು ಬಿಟ್ಟಿಲ್ಲ.

ಅದರ ಪರಿಣಾಮ ನೋಡಬೇಕಾದರೆ ಅವರ ಮನೆಗೆ ಹೋಗಬೇಕು. ಎರಡು ಕೋಣೆಯ ಮನೆ, ಮುಂದೆ ಗಂಡನ ಸೈಕಲ್ ರಿಪೇರಿ ಅಂಗಡಿ, ಹಿಂದೆ ಹಿತ್ತಲು. ಹಿತ್ತಲು ಎಂದೆನಲ್ಲ, ಅದು ಕಾಡು. ಬಚ್ಚಲಿಗೆ ಹೋಗುವ ದಾರಿಯಷ್ಟೇ ಕಾಣುತ್ತದೆ. ಹಾವು ಸೇರೀತು ಎಂದು ಅಕ್ಕಪಕ್ಕದವರು ದೂರಿ ದೂರಿ ಸುಸ್ತಾಗಿದ್ದಾರೆ. "ಅಲ್ಲಿ ಕೂದಲೆಳೆಯಷ್ಟು ಹುಲ್ಲನ್ನೂ ಬಿಡಲ್ಲ, ಇಲ್ಲಿ ನನ್ನ ಸೈಕಲ್ ಮೇಲೆ ಬಳ್ಳಿ ಹಬ್ಬಿದ್ರೂ ಮುಟ್ಟಬೇಡಿ ಅಂತಾಳೆ" ಎಂದು ಗಂಡ ಪಂಕ್ಚರ್ ಹಾಕುತ್ತಲೇ ಗೊಣಗುತ್ತಾರೆ. ಗೊಣಗಿದರೂ ಬಳ್ಳಿ ಹಬ್ಬಿದ ಆ ಹಳೆಯ ಸೈಕಲ್ಲನ್ನು ಅವರು ಸರಿಸಿಲ್ಲ. ತೊಟ್ಟಿಯ ಮೂಲೆಯಿಂದ ಕೆಸರು ಬಾಚಲು ಹೆಂಡತಿಗೆ ಹಳೇ ಡಬ್ಬದ ತಗಡಿನಿಂದ ಮೊರದಂಥದ್ದೊಂದನ್ನು ಮಾಡಿಕೊಟ್ಟವರೂ ಅವರೇ.

ಇಷ್ಟು ವರ್ಷದಲ್ಲಿ ಕೆಸರಕ್ಕ ಒಂದೇ ಒಂದು ಸಲ ಕೈ ತಡೆದಿದ್ದಾರೆ. ಅತ್ತೆ ತೀರಿಕೊಂಡ ವರ್ಷ, ಬೋಳು ಪಟ್ಟಿಯ ಎಡಮಗ್ಗುಲಿನಲ್ಲಿ ತಾನಾಗಿಯೇ ಒಂದು ಸೌತೆ ಬಳ್ಳಿ ಹುಟ್ಟಿತು. ನಾಳೆ ಕಿತ್ತರಾಯಿತು, ನಾಡಿದ್ದು ಕಿತ್ತರಾಯಿತು ಎನ್ನುತ್ತಿರುವಾಗಲೇ ಅದು ಹಬ್ಬಿ ಹೂಬಿಟ್ಟಿತು. ಆ ವಾರವೇ ದೊಡ್ಡ ಮಳೆ. ತೊಟ್ಟಿ ತೆರೆದರೆ ಮಣ್ಣು ಎಂದಿಗಿಂತ ಕಮ್ಮಿ. ಬಳ್ಳಿ ತನ್ನ ಎಲೆಯಡಿಯ ನೆಲವನ್ನು ಕಾಪಾಡಿಕೊಂಡಿತ್ತು. ಸಂತೋಷಪಡಬೇಕಾದ ಮಾತೇ, ಆದರೆ ಕೇಂದ್ರದ ಲೆಕ್ಕ ತಪ್ಪಿತ್ತು. ಇವರು ಬಳ್ಳಿಯನ್ನು ಕಿತ್ತು, ಅದನ್ನೇ ಕೈಯಲ್ಲಿ ಹಿಡಿದುಕೊಂಡು ಮೇಡಂ ಮುಂದೆ ಹೋಗಿ ನಿಂತರು. ಆ ವರ್ಷ ಬೋಳು ಪಟ್ಟಿಯ ಲೆಕ್ಕವನ್ನೆಲ್ಲ ಕೈಬಿಡಬೇಕಾಯಿತು. ಮೇಡಂ ಬೈಯಲಿಲ್ಲವಂತೆ, ಬಳ್ಳಿಯಲ್ಲಿದ್ದ ಎಳೆ ಸೌತೆಯನ್ನು ಮುರಿದು ಅರ್ಧ ಇವರಿಗೇ ಕೊಟ್ಟರಂತೆ. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ ಎನ್ನುತ್ತಾರೆ.

ಅದಾದ ಮೇಲೆ ಅವರು ಒಂದು ಚಿಗುರನ್ನೂ ಬಿಟ್ಟಿಲ್ಲ. ಬಿಡುವ ಪ್ರಸಂಗವೂ ಈಗ ಕಮ್ಮಿ. "ಮೊದಮೊದಲು ಕೈತುಂಬ ಸಿಗೋದು. ಈಗ ಹುಡುಕಬೇಕು. ಹುಟ್ಟೋದೇ ನಿಂತುಹೋಗ್ತಿದೆ" ಎನ್ನುವಾಗ ಅವರ ದನಿ ಇಳಿಯುತ್ತದೆ. ಅಂಚಿನ ತಗಡಿನ ಮೇಲೆ ಒಂದು ಕಾಲದ ನೆಲದ ಗುರುತು ಕಂದು ಗೆರೆಯಾಗಿ ಉಳಿದಿದೆ. ಇವತ್ತಿನ ನೆಲ ಅದಕ್ಕಿಂತ ಮೂರು ಬೆರಳು ಕೆಳಗಿದೆ. ಉಳಿದಿರುವುದು ನೊರಜುಕಲ್ಲು ಮತ್ತು ಗಟ್ಟಿ ಪದರ.

ಹೋದ ಮಣ್ಣು ಎಲ್ಲಿದೆ? ತೂಗಿದ ಮೇಲೆ ಕೆಸರನ್ನು ಎಲ್ಲಿಯಾದರೂ ಸುರಿಯಬಹುದು, ಯಾರೂ ಕೇಳುವುದಿಲ್ಲ. ಉಳಿದ ಪಟ್ಟಿಗಳದ್ದು ಹಾಗೆಯೇ ಹೋಗಿದೆ. ಬೋಳು ಪಟ್ಟಿಯದ್ದನ್ನು ಮಾತ್ರ ಕೆಸರಕ್ಕ ಮೊದಲ ವರ್ಷದಿಂದಲೂ ಬೇಲಿಯ ಮೂಲೆಯಲ್ಲಿ ಬೇರೆಯಾಗಿ ಗುಡ್ಡೆ ಹಾಕುತ್ತ ಬಂದಿದ್ದಾರೆ. ಇವತ್ತಿನ ಆರು ಬಕೆಟ್ಟನ್ನೂ ಒಂದೊಂದಾಗಿ ಹೊತ್ತು ಅಲ್ಲಿಗೇ ಸುರಿಯುತ್ತಾರೆ. ಒಂದು ಲಾರಿ ತುಂಬುವಷ್ಟಿದೆ. ಪಟ್ಟಿಯ ಮೇಲೆ ಹುಲ್ಲಿಲ್ಲ, ಪಟ್ಟಿಯ ಮಣ್ಣಿನ ಈ ಗುಡ್ಡೆಯ ಮೇಲೆ ಸೊಂಟದೆತ್ತರದ ಹುಲ್ಲು. ಈ ಹೆಂಗಸು ಒಂದು ಕೈಯಲ್ಲಿ ಹೇಳಿದ ಕೆಲಸ ಮಾಡುತ್ತ, ಇನ್ನೊಂದು ಕೈಯಲ್ಲಿ ಅತ್ತೆಗೆ ಉತ್ತರ ಕೂಡಿಡುತ್ತ ಬಂದಿದ್ದಾರೆ.

ಅವರು ಕೇಳಿರುವುದು ಇಷ್ಟೇ: ಈ ಮಳೆಗಾಲಕ್ಕೆ ಅಳತೆಯೂ ಮುಗಿಯುತ್ತದೆ, ನನ್ನ ಕೆಲಸವೂ ಮುಗಿಯುತ್ತದೆ. ಹೋಗುವ ಮುಂಚೆ ಆ ಮಣ್ಣನ್ನು ಅದರ ಜಾಗಕ್ಕೆ ಹಾಕಿಬಿಡುತ್ತೇನೆ. ಕೇಂದ್ರಕ್ಕೆ ಮಾತ್ರ ಇದು ಕಷ್ಟದ ಕೋರಿಕೆ. ಹೀಗೆ ಕೆಟ್ಟ ನೆಲ ತಾನಾಗಿಯೇ ಚೇತರಿಸಿಕೊಳ್ಳಲು ಎಷ್ಟು ಕಾಲ ಬೇಕು ಎಂದು ಕೇಂದ್ರದವರು ಇನ್ನು ಮುಂದೆ ನೋಡಬೇಕಿದೆ. ಅದಕ್ಕೆ ಹೊರಗಿನಿಂದ ಒಂದು ಹಿಡಿಯನ್ನೂ ಹಾಕುವಂತಿಲ್ಲ.

ಬಿಸಿಲೇರುವ ಹೊತ್ತಿಗೆ ಮೇಡಂ ಕಚೇರಿಯಿಂದ ನೇರವಾಗಿ ತೊಟ್ಟಿಯ ಹತ್ತಿರವೇ ಬರುತ್ತಾರೆ. ಕೆಸರಕ್ಕ ಕೈ ತೊಳೆದು, ಒರೆಸಿಕೊಳ್ಳುವುದನ್ನು ಮರೆತು ನಿಲ್ಲುತ್ತಾರೆ. ಬೋಳು ಪಟ್ಟಿಯನ್ನು ನಡುವೆ ತಗಡು ಹಾಕಿ ಉದ್ದಕ್ಕೆ ಸೀಳುವುದೆಂದು ತೀರ್ಮಾನವಾಗಿದೆ. ಒಂದರ್ಧಕ್ಕೆ ಗುಡ್ಡೆಯ ಮಣ್ಣು, ಇನ್ನೊಂದರ್ಧ ಇದ್ದ ಹಾಗೆಯೇ.

"ಯಾವ ಅರ್ಧಕ್ಕೆ ಹಾಕ್ತೀರೋ ನೀವೇ ಹೇಳಿ ಅಕ್ಕ" ಎನ್ನುತ್ತಾರೆ ಮೇಡಂ.

ಕೆಸರಕ್ಕ ಎಡಮಗ್ಗುಲನ್ನು ತೋರಿಸುತ್ತಾರೆ. ಸೌತೆ ಬಳ್ಳಿ ಹುಟ್ಟಿದ್ದ ಕಡೆ. ಅವರ ಕಣ್ಣು ತುಂಬಿದೆ, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಅವರು ಮಾಡುವುದಿಲ್ಲ. ಆಮೇಲೆ ಬಲಮಗ್ಗುಲನ್ನು ನೋಡುತ್ತಾರೆ.

"ಇದೇನು ತಪ್ಪು ಮಾಡಿತ್ತು ಮೇಡಂ?"

ಮೇಡಂ, ಇನ್ನು ಮುಂದೆ ಅಲ್ಲಿ ಹುಟ್ಟಿದ್ದನ್ನು ಯಾರೂ ಕೀಳುವುದಿಲ್ಲ ಎಂದಷ್ಟೇ ಹೇಳುತ್ತಾರೆ. ಕೆಸರಕ್ಕ ತಲೆಯಾಡಿಸಿ, ಕೆಸರಿನೊಳಗೆ ಕೈ ಹಾಕಿ ನನ್ನ ಚಪ್ಪಲಿ ತೆಗೆದು, ಬಕೆಟ್ ನೀರಿನಲ್ಲಿ ಅದ್ದಿ ತೊಳೆದು ಕೈಗಿಡುತ್ತಾರೆ. ಆಮೇಲೆ ಮೇಡಂ ಕಡೆ ತಿರುಗುತ್ತಾರೆ.

"ಮಣ್ಣು ಹಾಕಿದ ಕಡೆ ಹುಲ್ಲು ಹುಟ್ಟೇ ಹುಟ್ಟುತ್ತೆ, ಅದಕ್ಕೆ ಹೇಳಿ ಕಳಿಸೋದು ಬೇಡ. ಹಾಕದ ಕಡೆ ಮೊದಲನೇದು ಹುಟ್ಟಿದ ದಿನ ನನಗೊಂದು ಫೋನ್ ಮಾಡಿ. ಕೀಳೋಕಲ್ಲ, ನೋಡೋಕೆ ಬರ್ತೀನಿ."