ಏಳನೆಯ ರೊಟ್ಟಿ

ಮ್ಯಾಟ್ರಿಕ್ ಓದುವಾಗ ಧಾರವಾಡದ ಒಂದು ಖಾನಾವಳಿಯಲ್ಲಿ ಮುಂಜಾನೆ ಬಡಿಸುವ ಕೆಲಸ ಹಿಡಿದಿದ್ದೆ. ಎಲ್ಲರಿಗೂ ಬಡಿಸಿ, ನಾನೂ ಹೊಟ್ಟೆ ತುಂಬ ಉಂಡು, ಓಡುತ್ತ ಸಾಲೆಗೆ ಹೋಗುತ್ತಿದ್ದೆ. ಖಾನಾವಳಿ ನಡೆಸುತ್ತಿದ್ದ ಮುದುಕಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಆಕೆ ಜೋಳದ ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೇ ಕೇಳುತ್ತಿತ್ತು. ಬುಟ್ಟಿಯಲ್ಲಿ ಎಷ್ಟು ರೊಟ್ಟಿ ಇವೆ, ಇನ್ನೆಷ್ಟು ಮಂದಿ ಬರಬೇಕು, ಎಷ್ಟು ಹಿಟ್ಟು ನಾದಬೇಕು, ಎಲ್ಲ ಆಕೆಗೆ ಬಾಯಲ್ಲೇ ಲೆಕ್ಕ. ಅದು ಒಂದು ದಿನವೂ ತಪ್ಪಿದ್ದನ್ನು ನಾನು ಕಾಣೆ.

ಬಡಿಸುವುದೇನು ಮಹಾ ಎಂದುಕೊಂಡಿದ್ದೆ. ಮೊದಲ ದಿನವೇ ಬೈಸಿಕೊಂಡೆ. "ಸಾಕೇನ್ರಿ ಅಂತ ಕೇಳಬ್ಯಾಡ. ಹಂಗ ಕೇಳಿದ್ರ ಉಣ್ಣಾವ್ರು ಸಾಕು ಅಂದಬಿಡತಾರ. ರೊಟ್ಟಿ ಕೈಯಾಗ ಹಿಡಕೊಂಡು ಹೋಗಿ, ಹಾಕಲೇನ್ರಿ ಅನ್ನು" ಎಂದಳು ಆಯಿ. ಅದನ್ನು ಕಲಿತೆ. ಬಾಯಿ ಮುಚ್ಚಿಕೊಂಡಿರುವುದನ್ನು ಮಾತ್ರ ಕಲಿಯಲಿಲ್ಲ.

ಸಪ್ತಾಪುರದ ಬಾಡಿಗೆ ಕೋಣೆಯಿಂದ ಒಬ್ಬ ಕಾಲೇಜು ವಿದ್ಯಾರ್ಥಿ ಬರುತ್ತಿದ್ದ. ಹಳ್ಳಿಯವ, ಕಡ್ಡಿಯಂಥ ಮೈ, ಮಾತು ಕಡಿಮೆ. ಒಂದು ದಿನ ಅವನ ತಾಟಿಗೆ ರೊಟ್ಟಿ ಹಾಕುತ್ತ, ಪಂಕ್ತಿಯನ್ನು ನಗಿಸುವ ಉಮೇದಿನಲ್ಲಿ, "ಇದು ಏಳನೇದು ನೋಡ್ರಿ! ಎಲ್ಲಿ ಹೋಗತಾವ್ರಿ ಇವು?" ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ಆ ರೊಟ್ಟಿಯನ್ನು ಮುಟ್ಟದೆ ಕೈ ತೊಳೆದುಕೊಂಡು ಹೋದ.

ಒಲೆಯ ಮುಂದಿನ ಸದ್ದು ನಿಂತಿತ್ತು. "ಉಣ್ಣಾವ್ರ ರೊಟ್ಟಿ ಎಣಸ್ತಾರೇನೋ?" ಎಂದಳು ಆಯಿ.

ಎರಡು ದಿನ ಅವನು ಬರಲಿಲ್ಲ. ಮೂರನೆಯ ದಿನ ಆಯಿ, "ಹೋಗಿ ಅವನ್ನ ಕರಕೊಂಡು ಬಾ. ಅಲ್ಲೀತನಕ ನೀ ಬಡಸೂದು ಬ್ಯಾಡ" ಎಂದಳು. ಹೋದೆ. ಕೋಣೆಯಲ್ಲಿ ಅವನು ಪುಟಾಣಿ, ಅದೇ ಹುರಿಗಡಲೆ, ತಿನ್ನುತ್ತ ಓದುತ್ತಿದ್ದ. ನನ್ನನ್ನು ಕಂಡು ಪೊಟ್ಟಣವನ್ನು ಪುಸ್ತಕದ ಹಿಂದೆ ಸರಿಸಿದ.

"ತಪ್ಪಾತ್ರಿ. ಊಟಕ್ಕ ಬರ್ರಿ" ಎಂದೆ.

"ನೀ ಖರೇನ ಹೇಳಿದಿ ಬಿಡು. ನಾ ದಿನಕ್ಕ ಒಂದ ಹೊತ್ತು ಉಣ್ಣಾಂವ. ಅದಕ್ಕ ಅಷ್ಟು ಬೇಕಾಗತಾವ" ಎಂದ.

ನಾಚಿಕೆಯಿಂದ ಸತ್ತುಹೋದಂತಾಯಿತು. ನಿಂತಲ್ಲೇ ಅತ್ತೆ. ನನ್ನ ಅಳು ನೋಡಿ ಅವನಿಗೇ ಗಾಬರಿಯಾಗಿ, ಅಂಗಿ ತೊಟ್ಟು ಹೊರಟ.

ಆಯಿ ನಮ್ಮಿಬ್ಬರನ್ನೂ ಅಕ್ಕಪಕ್ಕ ಕೂರಿಸಿ ತಾನೇ ಬಡಿಸಿದಳು. ಎರಡನೆಯ ರೊಟ್ಟಿಗೇ ಅವನು ತಾಟಿಗೆ ಕೈ ಅಡ್ಡ ಹಿಡಿದ. ನಾನು ಹಿಡಿಯಲಿಲ್ಲ. ನಾನು ಏಳದಿದ್ದರೆ ಅವನೂ ಕೂತಾನು, ಕೂತರೆ ತಿಂದಾನು ಎಂಬ ಆಸೆಯಿಂದ ಹಾಕಿಸಿಕೊಳ್ಳುತ್ತಲೇ ಹೋದೆ. ಹೊಟ್ಟೆ ಬಿರಿಯುವ ಹೊತ್ತಿಗೆ ಅವನ ಕೈ ಮೆಲ್ಲಗೆ ಸರಿಯಿತು. ಆಯಿ ಹಾಕಿದಳು, ಅವನು ತಿಂದ, ಮತ್ತೆ ಹಾಕಿದಳು.

ಅವನು ಹೋದ ಮೇಲೆ, "ಆಯಿ, ನಾ ದಿನಾ ಎಷ್ಟು ರೊಟ್ಟಿ ತಿಂತೇನಿ?" ಎಂದು ಕೇಳಿದೆ.

ಆಯಿ ಬುಟ್ಟಿ ಒರೆಸುತ್ತಿದ್ದಳು. ತಲೆ ಎತ್ತದೆ, "ನನಗೆಲ್ಲಿ ಎಣಸಾಕ ಬರತೈತೋ ತಮ್ಮಾ" ಎಂದಳು.